ಬಿದ್ದದ್ದಲ್ಲ, ಕೂತದ್ದು

ನಮ್ಮ ಉದ್ಯಾವರದಲ್ಲಿ ಯಾರೂ ಬೀಳುವುದಿಲ್ಲ. ಆಶಾ ಕಾರ್ಯಕರ್ತೆಯಾದ ನಾನು, ಹರ್ಷಿಣಿ, ವಯಸ್ಸಾದವರಿರುವ ನೂರಾ ಹನ್ನೊಂದು ಮನೆಗಳ ಮೆಟ್ಟಿಲು ಹತ್ತಿಳಿದು ಕಂಡುಕೊಂಡ ಸಂಗತಿ ಇದು. ಕೈಯಲ್ಲಿದ್ದ ಫಾರ್ಮಿನ ಏಳನೆಯ ಪ್ರಶ್ನೆ, ‘ಕಳೆದ ಹನ್ನೆರಡು ತಿಂಗಳಲ್ಲಿ ಬಿದ್ದಿದ್ದೀರಾ?’ ಹೌದು ಎಂದವರನ್ನು ಆರೋಗ್ಯ ಕೇಂದ್ರಕ್ಕೆ ಕರೆಸಿ ಡಾಕ್ಟರು ಪರೀಕ್ಷೆ ಮಾಡುತ್ತಾರೆ. ಆದರೆ ಹೌದು ಎನ್ನುವವರು ಸಿಗಬೇಕಲ್ಲ. ಜೆರ್ಟ್ರೂಡ್ ಬಾಯಿಯವರ ಮೊಣಕೈಗೆ ಬ್ಯಾಂಡೇಜ್ ಇತ್ತು. ಅವರು ಬಿದ್ದದ್ದಲ್ಲವಂತೆ, ಇಗರ್ಜಿಯ ಮೆಟ್ಟಿಲು ತಪ್ಪಿದ್ದಂತೆ. ನಿವೃತ್ತ ಹೆಡ್‌ಮಾಸ್ಟರ್ ಬ್ಯಾಪ್ಟಿಸ್ಟರ ಹಣೆಯಲ್ಲಿ ನಾಲ್ಕು ಹೊಲಿಗೆ. ಅದು ನಾಯಿ ಎಳೆದದ್ದಂತೆ. ಇಷ್ಟು ದೊಡ್ಡವರು ಸಣ್ಣ ಮಕ್ಕಳ ಹಾಗೆ ಸುಳ್ಳು ಹೇಳುವುದೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಲಿಸ್ಟಿನ ಕೊನೆಯ ಮನೆ ನನ್ನದೇ. ಅತ್ತೆ ನಳಿನಾಕ್ಷಿಗೆ ಎಪ್ಪತ್ತೊಂದು. ನಾನು ಕರೆಯುವುದು ಮಾಮಿ ಎಂದು. ಬೆಳಗಾಗುವಾಗ ಮಲ್ಪೆಯಲ್ಲಿ ಮೀನು ತೆಗೆದುಕೊಂಡು, ಇನ್ನು ನಾಲ್ಕು ಹೆಂಗಸರ ಜೊತೆ ಟೆಂಪೋ ಹತ್ತಿ ಕಾರ್ಕಳಕ್ಕೆ ಹೋಗಿ ಮಾರುವವರು. ಮೂವತ್ತೆಂಟು ವರ್ಷಗಳಿಂದ ಮಾರ್ಕೆಟಿನ ಅದೇ ಮೂಲೆ. ಯಾರ ಮನೆಗೆ ಬಂಗುಡೆ ಬೇಕು, ಯಾರ ಮಗಳು ಬಂದಾಗ ಅಂಜಲ್ ಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ.

ಫಾರ್ಮ್ ತುಂಬುವ ಎರಡು ದಿನ ಮೊದಲು ಅವರು ಬಚ್ಚಲಿನ ಬಾಗಿಲಲ್ಲಿ ನೆಲದ ಮೇಲಿದ್ದದ್ದನ್ನು ನಾನೇ ನೋಡಿದ್ದೆ. ಎದ್ದು ನಿಂತ ಕೂಡಲೇ ಕಣ್ಣಿಗೆ ಕತ್ತಲೆ ಬಂತಂತೆ. ಅದರ ಹಿಂದಿನ ತಿಂಗಳು ಅಂಗಳದಲ್ಲಿಯೂ ಹಾಗೆಯೇ ಆಗಿತ್ತು. ಏಳನೆಯ ಪ್ರಶ್ನೆ ಕೇಳಿದಾಗ ಪೆನ್ನಿದ್ದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಬಿದ್ದದ್ದಲ್ಲ ಮಗಾ, ಕೂತದ್ದು. ಧರ್ಮಪಾಲನಿಗೆ ಗೊತ್ತಾದರೆ ನನ್ನ ಕಾರ್ಕಳ ಬಂದ್.”

ಅದು ನಿಜವೇ. ನನ್ನ ಗಂಡ ಧರ್ಮಪಾಲ ಬೋಟಿನಿಂದ ಬಂದವರೇ ಮೀನಿನ ಬುಟ್ಟಿಯನ್ನು ಅಟ್ಟಕ್ಕೆ ಹಾಕುತ್ತಿದ್ದರು. ಆ ಮೂಲೆ ಕೈಬಿಟ್ಟರೆ ಮಾಮಿ ಎಷ್ಟು ದಿನ ಉಳಿಯುತ್ತಾರೋ ಎಂದು ನನಗೆ ಹೆದರಿಕೆಯಾಯಿತು. ಇನ್ನೊಂದನ್ನೂ ಹೇಳಿಬಿಡುತ್ತೇನೆ: ದಿನವಿಡೀ ನನ್ನ ಬೆನ್ನ ಹಿಂದೆ ನಿಂತು ಸಾರಿಗೆ ಹುಳಿ ಹೆಚ್ಚಾಯಿತು ಎನ್ನುವ ಮಾಮಿಯೂ ನನಗೆ ಬೇಡವಾಗಿತ್ತು. ‘ಇಲ್ಲ’ ಎಂಬಲ್ಲಿ ಗುರುತು ಹಾಕಿದೆ.

ಇಪ್ಪತ್ತು ದಿನ ಕಳೆದು ಕಾರ್ಕಳದಿಂದ ಫೋನ್ ಬಂತು. ಗಿರಾಕಿಗೆ ಮೀನು ತೋರಿಸಲು ಎದ್ದವರು ಹಾಗೆಯೇ ಕುಸಿದರಂತೆ, ಏಳಲು ಆಗುತ್ತಿಲ್ಲವಂತೆ. ಆಂಬ್ಯುಲೆನ್ಸಿನಲ್ಲಿ ಮಣಿಪಾಲಕ್ಕೆ ತಂದರು. ಸೊಂಟದ ಮೂಳೆ ಮುರಿದಿತ್ತು.

ಮುಂಚೆ ಬಿದ್ದದ್ದುಂಟಾ ಎಂದು ಡಾಕ್ಟರಮ್ಮ ಕೇಳಿದರು. ನನ್ನ ಗಂಡ ಕೂಡಲೇ ಇಲ್ಲ ಎಂದರು. ಮನೆಯಲ್ಲೇ ಆಶಾ ಇರುವಾಗ ಗೊತ್ತಾಗದೆ ಇರುತ್ತದಾ ಎಂದು ನನ್ನ ಕಡೆ ಕೈ ತೋರಿಸಿದರು, ಅದೂ ಹೆಮ್ಮೆಯಿಂದ.

“ಎರಡು ಸಲ,” ಎಂದೆ.

ಡಾಕ್ಟರಮ್ಮ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ಬೀಪಿಯ ಮಾತ್ರೆ ಈ ದೇಹಕ್ಕೆ ಜಾಸ್ತಿಯಾಗಿದೆ, ಎದ್ದು ನಿಂತಾಗ ಬೀಪಿ ಇಳಿದು ತಲೆ ತಿರುಗುತ್ತದೆ, ಮೊದಲೇ ಹೇಳಿದ್ದರೆ ಮಾತ್ರೆ ಕಡಿಮೆ ಮಾಡಬಹುದಿತ್ತು ಎಂದು ಸಮಾಧಾನದಲ್ಲಿ ವಿವರಿಸಿದರು. ಆ ಮಾತ್ರೆಯನ್ನು ತಿಂಗಳು ತಿಂಗಳು ಆರೋಗ್ಯ ಕೇಂದ್ರದಿಂದ ತಂದುಕೊಟ್ಟವಳು ನಾನು. ಗುರುತು ಹಾಕಿದವಳೂ ನಾನು. ಲಿಫ್ಟಿನಲ್ಲಿ ಕೆಳಗೆ ಬರುವಾಗ ಧರ್ಮಪಾಲ ನನ್ನನ್ನು ಬೈಯಲಿಲ್ಲ, ಬಾಗಿಲನ್ನೇ ನೋಡುತ್ತ ನಿಂತಿದ್ದರು.

ಆಪರೇಷನ್ ಆಗಿ ಮೂರನೆಯ ದಿನ ವ್ಯಾಯಾಮ ಮಾಡಿಸುವ ಹುಡುಗಿ ನವ್ಯಶ್ರೀ ಬಂದಳು. ಮಾಮಿಯನ್ನು ಮಂಚದ ಅಂಚಿಗೆ ತಂದು ಕಾಲು ಇಳಿಬಿಡಬೇಕಿತ್ತು, ಅಷ್ಟೇ. ನಾನು ಬೆನ್ನಿಗೆ ಕೈ ಕೊಟ್ಟು ನಿಂತೆ. ಮೂವತ್ತೆಂಟು ವರ್ಷ ಬುಟ್ಟಿ ಹೊತ್ತ ಆ ಕುತ್ತಿಗೆ ನಡುಗುತ್ತಿತ್ತು.

“ನಿಲ್ಲುವುದು ಬೇಡ ಅಜ್ಜಿ,” ಎಂದಳು ನವ್ಯಶ್ರೀ. “ಸುಮ್ಮನೆ ಕೂತುಕೊಳ್ಳಿ.”

ಮಾಮಿ ನನ್ನ ಕೈ ಹಿಡಿದುಕೊಂಡರು. ಅಂದು ಹಿಡಿದದ್ದೂ ಇದೇ ಕೈಯನ್ನು.

“ಬೇಡ ಮಗಾ,” ಎಂದರು. “ಬೀಳ್ತೇನೆ.”

ಆ ಶಬ್ದವನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹಿಡಿದುಕೊಂಡಿದ್ದೇನೆ ಮಾಮಿ, ಬಿಡುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ನಂಬಲಿಲ್ಲ.