ಎರಡು ದಕಾರ

ಸ್ಪ್ಯಾನಿಷ್ ಮೇಷ್ಟ್ರ ಹೆಂಡತಿ ಪಕ್ಕದ ಕೋಣೆಯಲ್ಲಿ ರಷ್ಯನ್ ಕಲಿಸುತ್ತಿದ್ದವಳು. ಅವಳು ತೀರಿಕೊಂಡ ಮೇಲೆ ಅವಳ ವಿದ್ಯಾರ್ಥಿಗಳನ್ನೂ ಶಾಲೆಯವರು ಇವರ ಕೊರಳಿಗೇ ಕಟ್ಟಿದರು. ಎರಡು ಭಾಷೆಗೂ ಒಂದೇ ಉಚ್ಚಾರಣೆಯ ಪಾಠ. ಗಂಟಲು ಕೆರೆಯುವ ಖಕಾರ, ನಾಲಿಗೆ ಕುಣಿಸುವ ರಕಾರ, ಇವೆಲ್ಲ ಸಲೀಸಾಗಿ ಮುಗಿಯುತ್ತಿದ್ದವು. ದಕಾರ ಬಂತೆಂದರೆ ಮಾತ್ರ ಮೇಷ್ಟ್ರಿಗೆ ಬಾಯಿ ಒಣಗುತ್ತಿತ್ತು.

“ರಷ್ಯನ್ ದ ನಮ್ಮ ದ ಥರಾನೇ, ನಾಲಿಗೆ ಹಲ್ಲಿಗೆ ಒತ್ತಿ. ಸ್ಪ್ಯಾನಿಷಲ್ಲಿ ಎರಡು ಸ್ವರದ ಮಧ್ಯೆ ಬಂದ್ರೆ ಮುಟ್ಟಿಯೂ ಮುಟ್ಟದ ಹಾಗೆ, ಉಸಿರು ಜಾರಿ ಹೋಗ್ಲಿ. ‘ನಾದ’ ಅನ್ನಿ. ಒತ್ತಿದ್ರೆ ರಷ್ಯನ್ನಲ್ಲಿ ‘ಬೇಕು’. ಜಾರಿಸಿದ್ರೆ ಸ್ಪ್ಯಾನಿಷಲ್ಲಿ ‘ಏನೂ ಇಲ್ಲ’.”

ಹೇಳಿ ಬೋರ್ಡಿನ ಕಡೆ ತಿರುಗುತ್ತಿದ್ದರು. ಬೆನ್ನ ಹಿಂದೆ ತರಗತಿಯೆಲ್ಲ ‘ನಾದ, ನಾದ’ ಎನ್ನುವಾಗ ನಡುವೆ ಒಂದು ದನಿ ತೀರಿಕೊಂಡ ಹೆಂಡತಿಯದೇ. ತಿರುಗಿದರೆ ಇರುತ್ತಿರಲಿಲ್ಲ. ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೂ ಅದೇ ಮಾತು ಕೇಳಿಸುತ್ತಿತ್ತು.

ಗಂಡ ಹೆಂಡಿರು ಮನೆಯಲ್ಲಿ ಮೂರು ಭಾಷೆಯನ್ನೂ ಚಿತ್ರಾನ್ನ ಮಾಡಿ ಮಾತಾಡುವವರು. ಅವಳು ತೀರಿಕೊಂಡ ದಿನ ಬೆಳಿಗ್ಗೆ ಮೇಷ್ಟ್ರು ಚೀಲ ಹೆಗಲಿಗೇರಿಸಿ, ಬಾಗಿಲಲ್ಲೇ ನಿಂತು, “ಏನಾದ್ರೂ ಬೇಕೇನೇ?” ಎಂದಿದ್ದರು. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಅವಳು ಕಣ್ಣು ತೆರೆಯದೆ “ನಾದ” ಎಂದಳು. ಏನೂ ಬೇಡವಂತೆ ಎಂದುಕೊಂಡು ಪಾಠಕ್ಕೆ ಹೋದರು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯೊಳಗೆ ಬಿತ್ತಂತೆ. ಊರವರ ನಾಲಿಗೆ ತಿದ್ದುವ ಈ ಮನುಷ್ಯ ಸ್ವಂತ ಹೆಂಡತಿಯ ದಕಾರವನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಒತ್ತಿದಳೋ, ಜಾರಿಸಿದಳೋ?

ಅಂದು ಹಾಸಿಗೆಯ ಪಕ್ಕ ಕೂತಿದ್ದವಳು ನಾದಿನಿ. ಅಕ್ಕನ ಬಟ್ಟೆಗಳನ್ನು ಜೋಡಿಸಿಡಲು ಒಂದು ಮಧ್ಯಾಹ್ನ ಅವಳು ಬಂದಾಗ ಮೇಷ್ಟ್ರು ತಡೆಯಲಾರದೆ ಕೇಳಿಯೇಬಿಟ್ಟರು.

“ನಾದ ಅಂದ್ಲಲ್ಲಮ್ಮ ನಿಮ್ಮಕ್ಕ, ಹೇಗಂದ್ಲು? ಹಾಗೇ ಅಂದು ತೋರ್ಸು.”

“ನಾದ,” ಎಂದಳು ನಾದಿನಿ. ಗಟ್ಟಿ ದ.

“ಇನ್ನೊಂದ್ಸಲ. ನಾಲಿಗೆ ಜಾರ್ಸಿ ಹೇಳು ನೋಡೋಣ.”

“ನಾದ.” ಅದೇ ಗಟ್ಟಿ ದ. ಅವಳ ಬಾಯಲ್ಲಿದ್ದುದು ಒಂದೇ ದ, ನಮ್ಮದು. ಅಕ್ಕ ಹೇಗೆ ಅಂದಿದ್ದರೂ ತಂಗಿ ಹೀಗೇ ಅನ್ನುತ್ತಿದ್ದಳು.

“ನಂಗೇನ್ ಗೊತ್ತು ಭಾವ ನಿಮ್ಮ ಭಾಷೆ! ನಾದ ಅಂದ್ರೆ ಹಾಡು ಕೇಳ್ಬೇಕೇನೋ ಅಂದ್ಕೊಂಡು ರೇಡಿಯೋ ಹಾಕ್ದೆ. ಬೇಡ ಅಂತ ತಲೆ ಆಡಿಸಿದ್ಲು. ನೀವು ಹೋದ ಬಾಗಿಲನ್ನೇ ನೋಡ್ತಾ ಮತ್ತೆ ಮತ್ತೆ ಅದನ್ನೇ ಅಂತಿದ್ಲು, ಉಸಿರಿರೋವರೆಗೂ.”

ಏನೂ ಬೇಡ ಎನ್ನುವವರು ಒಂದು ಸಲ ಹೇಳಿ ಸುಮ್ಮನಾಗುತ್ತಾರೆ. ಅದನ್ನು ತಿಳಿಯಲು ದಕಾರದ ಹಂಗೇ ಬೇಕಿರಲಿಲ್ಲ.

“ಭಾವ, ಹಾಗಂದ್ರೆ ಏನು?”

“ಬೇಕು ಅಂತಮ್ಮ,” ಎಂದರು ಮೇಷ್ಟ್ರು. “ನಾನು ಬೇಕು ಅಂತ.”