ಅಂಜನಮ್ಮನ ಸಮುದ್ರಸ್ನಾನ

ಕುರುಬರಹಳ್ಳಿಯ ಶಶಿಕಲಾ ನಲವತ್ತಾರನೇ ವಯಸ್ಸಿಗೆ ಈಜು ಕಲಿತಳು. ಬಸವೇಶ್ವರನಗರದ ಈಜುಕೊಳವನ್ನು ಈ ತುದಿಯಿಂದ ಆ ತುದಿಗೆ ನಿಲ್ಲದೆ ದಾಟಿದ ದಿನವೇ, ಇನ್ನು ಸಮುದ್ರದಲ್ಲಿ ಈಜಬೇಕೆಂದು ಹಟ ಹಿಡಿದಳು. ಗಂಡ ರವಿಕುಮಾರ್ ರಜೆ ಹಾಕಿದ. ಎಪ್ಪತ್ತು ದಾಟಿದ ಅತ್ತೆ ಅಂಜನಮ್ಮ, ಯಾರೂ ಕರೆಯುವ ಮುಂಚೆಯೇ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು.

ಅವರು ತಲುಪಿದ, ಕುಮಟಾ ಕಡೆಯ ಪುಟ್ಟ ಕಡಲತೀರದಲ್ಲಿ ಕಾವಲಿನವರು ಯಾರೂ ಇರಲಿಲ್ಲ. ಎರಡೂ ಕಡೆ ಅಲೆಗಳು ನೊರೆಯೆಬ್ಬಿಸಿ ಒಡೆಯುತ್ತಿದ್ದವು. ನಡುವೆ ಮಾತ್ರ ಓಣಿಯಗಲದಷ್ಟು ನೀರು ಕಪ್ಪಗೆ, ಸದ್ದಿಲ್ಲದೆ ಮಲಗಿತ್ತು. ನಮ್ಮ ಈಜುಕೊಳದ ಹಾಗೇ ಇದೆಯಲ್ಲ ಎಂದು ಹಿಗ್ಗಿ, ಶಶಿಕಲಾ ಅಲ್ಲಿಗೇ ಮೊಣಕಾಲುದ್ದ ಇಳಿದಳು.

ಅಷ್ಟರಲ್ಲಿ ಅಂಜನಮ್ಮ ದಡದಲ್ಲಿ ಬಿಟ್ಟಿದ್ದ ಚಪ್ಪಲಿಯೊಂದನ್ನು ನೀರು ಎಳೆದುಕೊಂಡಿತು. ಅದು ಶಶಿಕಲಾಳ ಪಕ್ಕದಲ್ಲೇ ಹಾದು, ಆ ಕಪ್ಪು ನೀರಿನ ಮೇಲೆ ನೆಟ್ಟಗೆ ನಡುಗಡಲಿನತ್ತ ಓಡಿತು. ನೋಡನೋಡುತ್ತಿದ್ದಂತೆ ಚುಕ್ಕಿಯಾಯಿತು. ಹಿಡಿಯಲು ಹೆಜ್ಜೆಯಿಟ್ಟ ಶಶಿಕಲಾಳ ಕಾಲಡಿಯ ಮರಳೂ ಜಾರಿತು.

"ವಾಪಸ್ ಬಾರೇ ಶಶಿ," ಎಂದರು ಅಂಜನಮ್ಮ. "ಚಪ್ಪಲಿ ಹೋದ್ರೆ ಹೋಗ್ಲಿ. ಅಷ್ಟೊಂದು ನೀರು ದಡಕ್ಕೆ ಬರ್ತಾ ಇದೆಯಲ್ಲ, ಅದು ವಾಪಸ್ ಹೋಗೋ ಬಾಗ್ಲು ಇದೇ ಕಣೇ. ಅಲೆ ಇಲ್ಲ ಅಂತ ಈ ನೀರನ್ನ ನಂಬಬೇಡ."

ಶಶಿಕಲಾ ಸರಸರನೆ ದಡ ಹತ್ತಿದಳು. ಸಾಕು, ಹೊರಟುಬಿಡೋಣ ಎಂದಳು. ಅತ್ತೆ ಒಪ್ಪಲಿಲ್ಲ. ಇಷ್ಟು ದೂರ ಬಂದು ಮೈ ನೆನೆಸದೆ ಹೋದರೆ ಬೀದಿಯವರಿಗೆ ಏನು ಹೇಳುವುದು ಎಂದು ಅವರೇ ಮುಂದೆ ನಡೆದರು.

ತೀರದ ತುದಿಯಲ್ಲಿ ಬಂಡೆಗಳ ಸಾಲು ಅಲೆಗಳನ್ನು ತಡೆದಿತ್ತು. ಒಳಗೆ ತಿಳಿನೀರು; ತಳದ ಮರಳು ಕಾಣುತ್ತಿತ್ತು. ಅಂಜನಮ್ಮ ಉಳಿದ ಚಪ್ಪಲಿಯನ್ನೂ ಎಸೆದು ನೋಡಿದರು. ಅದು ತೂಗಾಡುತ್ತ ದಡಕ್ಕೇ ಬಂತು. ಮತ್ತೆ ಎಸೆದರು, ಮತ್ತೆ ಬಂತು. ಶಶಿಕಲಾ ಇಳಿದು ಓಡಾಡಿ ನೋಡಿದಳು. ಎಲ್ಲೂ ಸೊಂಟ ಮೀರಲಿಲ್ಲ. ರವಿಕುಮಾರ್ ಬಂಡೆ ಹತ್ತಿ ಕಾವಲು ನಿಂತ.

ಅಲ್ಲಿ ಶಶಿಕಲಾ ಮನಸಾರೆ ಈಜಿದಳು. ಸೀರೆ ಎತ್ತಿಕಟ್ಟಿ ನೀರಲ್ಲಿ ಕೂತಿದ್ದ ಅಂಜನಮ್ಮ, ಸ್ವಲ್ಪ ಹೊತ್ತಿಗೆ ಸೊಸೆಯ ಕೈ ಹಿಡಿದರು.

"ನನ್ನೂ ತೇಲಿಸೇ."

"ಮೈ ಬಿಗಿ ಹಿಡೀಬೇಡಿ ಅತ್ತೆ. ಆಕಾಶ ನೋಡ್ತಾ ಇರಿ."

ಶಶಿಕಲಾ ಅವರ ಬೆನ್ನಡಿಗೆ ಎರಡೂ ಅಂಗೈ ಇಟ್ಟಳು. ಮೊದಮೊದಲು ಮರದ ಕೊರಡಿನಂತೆ ಸೆಟೆದಿದ್ದ ಮೈ ಮೆಲ್ಲಗೆ ಸಡಿಲಾಯಿತು, ಹಗುರಾಯಿತು. ನರೆಗೂದಲು ನೀರಲ್ಲಿ ಬಿಚ್ಚಿಕೊಂಡಿತು. ಅಂಜನಮ್ಮ ಕಣ್ಣುಮುಚ್ಚಿ, ಹೊಟ್ಟೆ ಕುಲುಕುವಂತೆ ನಗತೊಡಗಿದರು.