ಮುಖ ಕಾಣಬೇಕು

"ಟೋಪೀನ ಹುಬ್ಬಿನವರೆಗೂ ಎಳ್ಕೋ. ಮಫ್ಲರ್ ಮೂಗಿನ ಮೇಲಕ್ಕೆ ಬರ್ಲಿ. ಹಾಂ, ಈಗ ಸರಿ" ಎಂದ ಕಪ್ತಾನ, ಕಾರಿನ ಸೀಟಿನಲ್ಲಿ ಕೂತಲ್ಲಿಂದಲೇ.

ಅವನ ಜಾಕೆಟ್ಟಿನಲ್ಲಿ ಅವಳು ಅರ್ಧ ಮುಳುಗಿಹೋಗಿದ್ದಳು. ತೋಳನ್ನು ಮಡಚಿ ಮಡಚಿ ಮೇಲೇರಿಸಿದರೂ ಮತ್ತೆ ಜಾರಿ ಬೆರಳು ಮುಚ್ಚುತ್ತಿತ್ತು. ಕಾರಿನ ಕನ್ನಡಿಯಲ್ಲಿ ಬಗ್ಗಿ ನೋಡಿಕೊಂಡಳು. ಗಂಡನೂ ಅಲ್ಲದ, ಹೆಂಡತಿಯೂ ಅಲ್ಲದ ಒಂದು ಬಟ್ಟೆ ಮೂಟೆ ಕಂಡಿತು. ಫೋಟೋದಲ್ಲಿ ಮುಖ ಕಾಣಬೇಕು ಅಂತ ನಿಯಮದಲ್ಲಿ ಬರೆದಿದ್ದಾರಲ್ಲ, ಇದರಲ್ಲಿ ಯಾವ ಮುಖ ಕಾಣುತ್ತೆ ಎಂದು ಕೇಳಿದಳು. ಕಣ್ಣು ಕಂಡರೆ ಸಾಕು, ಮೇಲೆ ಗಾಳಿ ಜೋರು, ಎಲ್ಲರೂ ಹೀಗೇ ಮುಚ್ಚಿಕೊಂಡಿರುತ್ತಾರೆ ಎಂದು ಅವನು ಸಮಾಧಾನ ಹೇಳಿ, ಆಪರೇಷನ್ ಆದ ಮೊಣಕಾಲನ್ನು ಮೆಲ್ಲಗೆ ನೀವಿಕೊಂಡ.

ಕಪ್ತಾನ ಹಡಗು ಹತ್ತಿದವನಲ್ಲ. ಲೈಬ್ರರಿಯ ಕೌಂಟರಿನಲ್ಲಿ ಕೂತು ಪುಸ್ತಕಗಳಿಗೆ ಮುದ್ರೆ ಒತ್ತುವವನು. ಆಟಕ್ಕಾಗಿ ಇಟ್ಟುಕೊಂಡ ಹೆಸರು ಮನೆಗೂ ಬಂತು, ಅವಳು ಕೆಲಸ ಮಾಡುವ ಬೇಕರಿಗೂ ಹಬ್ಬಿತು. ಆ ಆಟವೋ, ಜಿಯೋಕ್ಯಾಶಿಂಗ್ ಅಂತ. ಯಾರೋ ಎಲ್ಲೋ ಬಚ್ಚಿಟ್ಟ ಡಬ್ಬಿಯನ್ನು ಫೋನಿನ ನಕ್ಷೆ ಹಿಡಿದು ಹುಡುಕಿ ತೆಗೆಯುವುದು. ಅದರಲ್ಲೇ ಡಬ್ಬಿಯಿಲ್ಲದ ಒಂದು ಬಗೆಯುಂಟು, ವರ್ಚುವಲ್. ಅಲ್ಲಿ ಸಿಗುವುದು ಜಾಗ ಮಾತ್ರ. ಹೋಗಿ ನಿಂತು, ಅಲ್ಲಿಗೆ ಹೋದವರಿಗಷ್ಟೇ ತಿಳಿಯುವ ಒಂದು ಪ್ರಶ್ನೆಗೆ ಉತ್ತರ ಬರೆದು, ಕಲ್ಲಿನ ಮೇಲೆ ಕೈಯಿಟ್ಟ ಫೋಟೋ ಕಳಿಸಿದರೆ ನಿಮ್ಮ ಹೆಸರಿನ ಮುಂದೆ ಒಂದು ಗುರುತು ಬೀಳುತ್ತದೆ.

ಕಪ್ತಾನ ಹಿಡಿದದ್ದು ಒಬ್ಬ ಹಳೇ ಕಾಲದ ಅನ್ವೇಷಕನ ಜಾಡು. ಆಚೆ ಕಡಲಿಗೆ ದಾರಿ ಹುಡುಕುತ್ತೇನೆಂದು ಹೊರಟ ಆತ ಒಂದೊಂದು ಕೊಲ್ಲಿಯಲ್ಲೂ ಇದೇ ದಾರಿ ಎಂದು ನುಗ್ಗಿ, ಒಂದೊಂದರಿಂದಲೂ ವಾಪಸ್ಸಾಗಿ, ಕೊನೆಗೆ ಊರು ಸೇರದೆ ಸತ್ತ. ಅವನು ದಾರಿ ತಪ್ಪಿದಲ್ಲೆಲ್ಲ ಜನ ಒಂದೊಂದು ಕಲ್ಲು ನಿಲ್ಲಿಸಿದ್ದಾರೆ, ನಾವು ತಪ್ಪಿದರೆ ಬೈಗುಳ ಮಾತ್ರ ಎಂದು ಅವಳು ನಗುತ್ತಿದ್ದಳು. ಆತನನ್ನು 'ನಮ್ಮಜ್ಜ' ಎಂದೇ ಕರೆಯುತ್ತಿದ್ದಳು. ಕಪ್ತಾನನಿಗೆ ಅದು ಹಿಡಿಸುತ್ತಿರಲಿಲ್ಲ.

ಮೊದಲ ಎರಡು ಜಾಗಗಳನ್ನು ಇಬ್ಬರೂ ಜೊತೆಯಾಗಿ ಹತ್ತಿದ್ದರು. ಮೂರನೆಯದರಲ್ಲಿ ಅವನ ಮೊಣಕಾಲು ಕೈಕೊಟ್ಟಿತು. ದಾರಿಬದಿಯ ಬಂಡೆಯ ಮೇಲೆ ಕೂತು, ಆಟಕ್ಕೆ ಸೇರಿಸಿಕೊಳ್ಳದ ಮಗುವಿನ ಹಾಗೆ ಮುಖ ಮಾಡಿಕೊಂಡ. ಅವಳ ಕರುಳು ಚುರುಕ್ಕೆಂದಿತು. "ನೀನು ಕೂತಿರು, ನಾನು ಹೋಗ್ಬರ್ತೀನಿ. ನಿನ್ನ ಹೆಸರಲ್ಲೇ ಇರ್ಲಿ ಬಿಡು" ಎಂದು ಬಾಯಿ ತುಂಬ ಹೇಳಿದವಳು ಅವಳೇ. ಆ ಮಾತೇ ಮುಂದೆ ಕೊರಳಿಗೆ ಸುತ್ತಿಕೊಂಡಿತು.

ಆಮೇಲಿನದೆಲ್ಲ ಅವಳೇ ಹತ್ತಿದಳು. ಫೋಟೋದಲ್ಲಿ ಕೈ ಸಣ್ಣದಾಗಿ ಕಾಣುತ್ತದೆಂದು ಅವನು ತನ್ನ ಚರ್ಮದ ಕೈಗವಸು ಕೊಟ್ಟ. ಅದರ ಬೆರಳ ತುದಿಗಳು ಖಾಲಿಯಾಗಿ ಬಾಗಿಕೊಳ್ಳುತ್ತಿದ್ದವು. ಬೇಕರಿಯಲ್ಲಿ ಬೆಳಗಿನಿಂದ ನಿಂತೇ ದುಡಿಯುವ ಕಾಲು, ಬೆಟ್ಟಕ್ಕೇನೂ ಹೆದರಲಿಲ್ಲ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಅವಳು ಸುಖವಾಗಿದ್ದಳು. ಕೆಳಗಿಳಿದು ಬಂದರೆ ಅವನು ಫ್ಲಾಸ್ಕಿನ ಚಹಾ ಬಗ್ಗಿಸಿಕೊಟ್ಟು, ಹೇಳು ಎನ್ನುತ್ತಿದ್ದ. ಗಾಳಿ ಯಾವ ಕಡೆಯಿಂದ ಬಂತು, ಕಲ್ಲು ಮುಟ್ಟಿದರೆ ಹೇಗಿತ್ತು, ಎದೆಯೊಳಗೆ ಏನನ್ನಿಸಿತು, ಎಲ್ಲ ಕೇಳುತ್ತಿದ್ದ. ಮದುವೆಯಾದ ಮೇಲೆ ಅವಳ ಮಾತನ್ನು ಅವನು ಅಷ್ಟು ಹೊತ್ತು ಕಿವಿಗೊಟ್ಟು ಕೇಳಿದ್ದು ಆ ಕಾರಿನಲ್ಲಿ ಮಾತ್ರ.

ಮರುದಿನ ಅದೇ ಮಾತುಗಳು ಆಟದ ಪುಟದಲ್ಲಿ ಬರುತ್ತಿದ್ದವು. 'ನಾನು ಅಲ್ಲಿ ನಿಂತೆ. ಗಾಳಿ ನನ್ನ ಉಸಿರನ್ನೇ ಕಸಿದುಕೊಂಡಿತು.' ಅವನ ಬರವಣಿಗೆ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನುವ ಹಾಗಿಲ್ಲ. ತಾನು ಕಂಡದ್ದನ್ನು ಅವಳಿಗೇ ಅವನ ಮಾತಿನಲ್ಲಿ ಓದಿ ಇನ್ನೊಮ್ಮೆ ಕಂಡಂತಾಗುತ್ತಿತ್ತು. ಮೊದಮೊದಲು ಹೆಮ್ಮೆಯಿತ್ತು. ಆಮೇಲಾಮೇಲೆ, ಕಪ್ತಾನರ ಧೈರ್ಯ ನೋಡಿ, ಕಪ್ತಾನರ ಛಲ ನೋಡಿ ಎಂದು ಊರೂರಿನವರು ಬರೆಯತೊಡಗಿದಾಗ ಒಳಗೆ ಏನೋ ಮುಳ್ಳಿನಂತೆ ಆಡತೊಡಗಿತು. 'ನಾನು' ಅನ್ನುವ ಕಡೆ 'ನಾವು' ಅಂತ ಬರೆಯಬಾರದೇ ಎಂದು ಒಮ್ಮೆ ಕೇಳಿದಳು.

"ನಾವಿಬ್ರೂ ಬೇರೆ ಬೇರೇನಾ?" ಎಂದ ಅವನು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಈಗ ಉಳಿದದ್ದು ಇದೊಂದೇ ಗುಡ್ಡ. ಅಜ್ಜ ಕೊನೆಯ ಬಾರಿ ಕಡಲನ್ನು ನೋಡಿ, ತನ್ನ ಕೈಯಾರೆ ಕಲ್ಲುಗುಪ್ಪೆ ಪೇರಿಸಿಟ್ಟ ಜಾಗ. ಆಟದಲ್ಲಿ ಈ ಜಾಗವನ್ನು ನೋಡಿಕೊಳ್ಳುವವನು ಮೋಸದ ಫೋಟೋಗಳಿಂದ ಬೇಸತ್ತು ಕಟ್ಟುನಿಟ್ಟು ಮಾಡಿದ್ದ. ಕಲ್ಲುಗುಪ್ಪೆ ಪೂರ್ತಿ ಬರಬೇಕು, ಪಕ್ಕದಲ್ಲಿ ನಿಂತವರ ಮುಖ ಕಾಣಬೇಕು.

ದಾರಿ ಕಡಿದಾಗಿತ್ತು. ಅವನ ಜಾಕೆಟ್ಟು ಮೊಣಕಾಲಿಗೆ ಬಡಿಯುತ್ತ ಹೆಜ್ಜೆಹೆಜ್ಜೆಗೂ ತೊಡರಿತು. ಮೇಲೆ ಯಾರೂ ಇರಲಿಲ್ಲ. ಎದೆಮಟ್ಟದ ಕಲ್ಲುಗುಪ್ಪೆ, ಅದರ ಕೆಳಗೆ ಹಿತ್ತಾಳೆಯ ಫಲಕ, ಅದರಲ್ಲಿ ಕೆತ್ತಿದ ಹಡಗು. ಹಡಗಿನ ಪಟಗಳ ಬಗ್ಗೆ ಬರೆಯಿರಿ ಎನ್ನುವುದು ಪ್ರಶ್ನೆ. ಅವಳು ಬೆರಳಾಡಿಸಿ ನೋಡಿದಳು. ಪಟವೇ ಇರಲಿಲ್ಲ, ಬರೀ ಕಂಬಗಳು. ಆಚೆ ನೋಡಿದರೆ ಕೊಲ್ಲಿ ಮೂರು ಕಡೆಯೂ ಗೋಡೆ ಕಟ್ಟಿದಂತೆ ಮುಚ್ಚಿತ್ತು. ಇಷ್ಟು ದೂರ ಬಂದು ಇದನ್ನು ಕಂಡ ಮನುಷ್ಯ ಕಲ್ಲಿನ ಮೇಲೆ ಕಲ್ಲು ಪೇರಿಸುತ್ತ ಕೂತನಲ್ಲ ಎಂದು ಅವಳಿಗೆ ಅಜ್ಜನ ಮೇಲೆ ಮೊದಲ ಸಲ ಮರುಕ ಹುಟ್ಟಿತು.

ಫೋನನ್ನು ಒಂದು ಬಂಡೆಗೆ ಒರಗಿಸಿ, ತಾನೇ ಕ್ಲಿಕ್ಕಿಸಿಕೊಳ್ಳುವ ಹಾಗೆ ಟೈಮರ್ ಹಾಕಿ, ಓಡಿಹೋಗಿ ಗುಪ್ಪೆಯ ಪಕ್ಕ ನಿಂತಳು. ಬಂದ ಫೋಟೋ ನೋಡಿದಳು. ಕಲ್ಲುಗುಪ್ಪೆಯ ಪಕ್ಕದಲ್ಲಿ ಇನ್ನೊಂದು ಗುಪ್ಪೆ. ಕಣ್ಣೆಂದು ಹೇಳಬಹುದಾದ ಕಡೆ ಒಂದಿಷ್ಟು ಕತ್ತಲೆ.

ಅವಳಿಗೆ ರೋಸಿಹೋಯಿತು. ಟೋಪಿ ಕಿತ್ತಳು, ಮಫ್ಲರ್ ಬಿಚ್ಚಿದಳು, ಜಾಕೆಟ್ಟನ್ನೂ ಕಳಚಿ ಬ್ಯಾಗಿಗೆ ತುರುಕಿದಳು. ಬೇಕರಿಗೆ ಹಾಕಿಕೊಂಡು ಹೋಗುವ ಹಳೇ ಸ್ವೆಟರಿನಲ್ಲಿ, ಕೂದಲು ದಿಕ್ಕಾಪಾಲಾಗಿ ಹಾರುತ್ತಿರಲು, ಕಲ್ಲಿನ ಮೇಲೆ ಬರಿಗೈ ಊರಿ ನಿಂತಳು. ಉಳಿದದ್ದೆಲ್ಲ ಅವನದಾಯಿತು, ಇದೊಂದಾದರೂ ನನ್ನದಾಗಲಿ. ಈ ಮುಖವನ್ನು ಅವನು ಇನ್ನು ಯಾರದು ಅಂತ ಹೇಳಿಯಾನು? ಎರಡನೆಯ ಫೋಟೋ ಚೆನ್ನಾಗಿ ಬಂತು. ಮೊದಲನೆಯದನ್ನು ಅಳಿಸಿಹಾಕಿ, ಇಳಿಯತೊಡಗಿದಳು.

ಕಪ್ತಾನ ಫೋಟೋವನ್ನು ಬಹಳ ಹೊತ್ತು ನೋಡಿದ. "ಟೋಪಿ ಹಾರಿಹೋಯ್ತಾ?"

"ಇಲ್ಲ, ಬ್ಯಾಗಲ್ಲಿದೆ."

"ಇನ್ನೊಂದು ತೆಗ್ದಿಲ್ವಾ?"

"ಇಲ್ಲ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು. ಹಡಗಿಗೆ ಪಟ ಎಷ್ಟು ಎಂದಷ್ಟೇ ಕೇಳಿ, ಉತ್ತರ ಪಡೆದು, ಕಾರು ಚಾಲೂ ಮಾಡಿದ. ಫ್ಲಾಸ್ಕು ಹಿಂದಿನ ಸೀಟಿನಲ್ಲೇ ಉಳಿಯಿತು. ದಾರಿಯಲ್ಲಿ ಅವಳೇ ಆ ಮುಚ್ಚಿದ ಕೊಲ್ಲಿಯ ಮಾತು ತೆಗೆದಳು. ಅವನು ಕನ್ನಡಿಯಲ್ಲಿ ಹಿಂದಿನ ಗಾಡಿಗಳನ್ನು ನೋಡುತ್ತಿದ್ದ.

ಮನೆಗೆ ಬಂದವನೇ ಮೇಜಿನ ಮುಂದೆ ಕೂತ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅವಳಿಗೆ ಕೀಲಿಗಳ ಸದ್ದು ಕೇಳಿಸುತ್ತಿತ್ತು. ಎಂದಿಗಿಂತ ಹೆಚ್ಚು ಹೊತ್ತು ಬರೆಯುತ್ತಿದ್ದ. ನಿಜ ಬರೆಯುತ್ತಿದ್ದಾನೆ, ಅದಕ್ಕೇ ಕಷ್ಟವಾಗುತ್ತಿದೆ ಅಂದುಕೊಂಡಳು. ಪಾಪ ಅನ್ನಿಸಿತು ಕೂಡ. ಒಂದು ಗಳಿಗೆ, ಬೇಡ ಬಿಡು ಎಂದು ಹೇಳಿಬಿಡಲೇ ಎಂದೂ ಯೋಚಿಸಿದಳು.

"ಬಾ, ಓದು" ಎಂದು ಅವನೇ ಕರೆದ.

'ಈ ಇಡೀ ಜಾಡಿನಲ್ಲಿ ನಾನು ಎಲ್ಲೂ ನನ್ನ ಮುಖ ತೋರಿಸಲಿಲ್ಲ' ಎಂದು ಶುರುವಾಗಿತ್ತು. 'ಕೊನೆಯ ಕಲ್ಲುಗುಪ್ಪೆಯ ಪಕ್ಕದಲ್ಲಿ ನಿಲ್ಲಬೇಕಾದವನು ನಾನಲ್ಲ ಅನ್ನಿಸಿತು. ಇಷ್ಟು ವರ್ಷ ಪ್ರತಿ ಗುಡ್ಡದ ಕೆಳಗೂ ನನಗಾಗಿ ಕಾದು ಕೂತ ಜೀವವೊಂದಿದೆ. ಈ ಸಲ ಅವಳ ಕೈಹಿಡಿದು ಮೆಲ್ಲಗೆ ಮೇಲಕ್ಕೆ ಕರೆತಂದೆ. ಅವಳನ್ನು ಅಲ್ಲಿ ನಿಲ್ಲಿಸಿ, ನಾನು ಕ್ಯಾಮೆರಾದ ಹಿಂದೆ ಸರಿದೆ.'

'ಕೈಹಿಡಿದು' ಎಂಬಲ್ಲಿಗೆ ಬಂದು ಅವಳು ಆ ಸಾಲನ್ನೇ ಇನ್ನೊಮ್ಮೆ ಓದಿದಳು. ಇದು ಸುಳ್ಳು ಎಂದು ತಲೆಗೆ ಹೊಳೆಯುವ ಮೊದಲೇ ಆ ಮಾತು ಹಿತವಾಗಿಬಿಟ್ಟಿತ್ತು. ಅದಕ್ಕೇ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಟೈಮರ್ ಹಾಕಿ ಅಷ್ಟು ಚಂದಕ್ಕೆ ಫೋಟೋ ತೆಗೆದುಕೊಂಡ ತನ್ನ ಜಾಣತನವೇ ಅವನಿಗೆ ಜಾಗ ಮಾಡಿಕೊಟ್ಟಿತ್ತು. ಉಂಡೂ ಹೋದ, ಕೊಂಡೂ ಹೋದ.

"ಕೆಳಗೆ ಕಾದು ಕೂತಿದ್ದು ನಾನಾ?" ಎಂದು ಕೇಳಿದಳು.

"ನಿನ್ನ ಮುಖ ಬಂತಲ್ಲ" ಎಂದ ಕಪ್ತಾನ, ಪರದೆಯಿಂದ ಕಣ್ಣೆತ್ತದೆ. "ನಿಂಗೆ ಬೇಕಾಗಿದ್ದಿದ್ದು ಅದೇ ತಾನೆ?"

ಅಷ್ಟರಲ್ಲಿ ಮೆಚ್ಚುಗೆಗಳು ಬಂದು ಬೀಳತೊಡಗಿದ್ದವು. ಎಂಥ ದೊಡ್ಡ ಮನಸ್ಸು ಎಂದಿದ್ದ ಒಬ್ಬ. ಪುಣ್ಯವಂತೆ ಎಂದಿದ್ದಳು ಇನ್ನೊಬ್ಬಳು. ಗುಪ್ಪೆಯನ್ನು ನೋಡಿಕೊಳ್ಳುವವನಂತೂ, ನಿಯಮವೆಲ್ಲ ನಿಮ್ಮಂಥವರಿಗಲ್ಲ ಎಂದು ಬರೆದು ಕೊನೆಯ ಗುರುತು ಹಾಕಿಬಿಟ್ಟ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅವರಿಗೆ ಏನಂತ ಹೇಳುವುದು? ನಿನ್ನ ಹೆಸರಲ್ಲೇ ಇರ್ಲಿ ಬಿಡು ಎಂದವಳು ನೀನೇ ಅಲ್ಲವೇ ಎಂದರೆ? ಬಾಯಿ ಬಿಟ್ಟರೆ ಬಣ್ಣಗೇಡು. ಅವಳು ಹೋಗಿ ಉಳಿದ ತರಕಾರಿ ಹೆಚ್ಚಿದಳು.

ಆಟದ ಸಂಘದವರು ಭಾನುವಾರ ಒಂದು ಕಾಫಿ ಅಂಗಡಿಯಲ್ಲಿ ಸಣ್ಣ ಸನ್ಮಾನ ಇಟ್ಟುಕೊಂಡರು. ಗೋಡೆಯ ಮೇಲೆ ಒಂದೊಂದಾಗಿ ಫೋಟೋಗಳು ಬಂದವು. ಕಲ್ಲಿನ ಮೇಲೆ ಕೈಗವಸು, ಕಂಚಿನ ಫಲಕದ ಮೇಲೆ ಕೈಗವಸು, ಮಂಜು ಕೂತ ಕಂಬದ ಮೇಲೆ ಕೈಗವಸು. ಕೈಗವಸಿದ್ದ ಪ್ರತಿಯೊಂದರಲ್ಲೂ ಬೆರಳ ತುದಿಗಳು ಖಾಲಿಯಾಗಿ ಬಾಗಿದ್ದವು. ಯಾರಿಗೂ ಅದು ಕಾಣಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪಕ್ಕದಲ್ಲಿ ಕೂತ, ಅದೇ ಸಂಘದ ದಂತವೈದ್ಯೆಯೊಬ್ಬಳು ಅವಳ ಕಡೆ ಬಾಗಿ ಅಕ್ಕರೆಯಿಂದ ಕೇಳಿದಳು: "ಒಂದೇ ಒಂದ್ಸಲ ಹತ್ತಿದ್ದಲ್ವಾ? ತುಂಬಾ ಸುಸ್ತಾಯ್ತಾ?"

"ಎಲ್ಲಾ ಹತ್ತಿದ್ದು ನಾನೇ" ಎಂದಳು ಅವಳು. ಸ್ವಲ್ಪ ಜೋರಾಗಿಯೇ ಬಂತು ಮಾತು.

ಮೇಜಿನ ಸುತ್ತಲಿನ ತಲೆಗಳೆಲ್ಲ ಅವಳ ಕಡೆ ತಿರುಗಿದವು. ಕಪ್ತಾನ ಆಚೆಯಿಂದ ಅವಳನ್ನೇ ನೋಡಿದ. ಅವನ ಮುಖ ಬಿಳಿಚಿಕೊಂಡದ್ದು ಅವಳಿಗೆ ಕಂಡಿತು. ಇನ್ನೊಂದು ಮಾತು ಸಾಕಿತ್ತು. ಆದರೆ ಅವನು ಅಷ್ಟರಲ್ಲೇ ಕಾಫಿಯ ಕಪ್ಪು ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡಿದ್ದ.

"ನಿಜ" ಎಂದ. "ಅವಳಿಲ್ದಿದ್ರೆ ಒಂದು ಗುಡ್ಡಾನೂ ಆಗ್ತಿರ್ಲಿಲ್ಲ."

ಆಹಾ ಎಂದಿತು ಮೇಜು. ದಂತವೈದ್ಯೆ ಕಣ್ಣೊರೆಸಿಕೊಂಡು, ನಮ್ಮವರ ಬಾಯಲ್ಲಿ ಇಂಥ ಒಂದು ಮಾತು ಬಂದರೆ ಸಾಕಪ್ಪ ಎಂದು ತನ್ನ ಗಂಡನನ್ನು ಮೊಣಕೈಯಿಂದ ತಿವಿದಳು. ಎಲ್ಲರೂ ನಕ್ಕರು.

ಆಮೇಲೆ ಗುಂಪಿನ ಫೋಟೋ ಆಗಬೇಕೆಂದರು. ಕಪ್ತಾನನನ್ನು ನಡುವೆ ಕೂರಿಸಿ, ನೋಯುವ ಕಾಲಿಗೆ ಒಂದು ಸ್ಟೂಲು ಕೊಟ್ಟರು. ಯಾರು ತೆಗೆಯುವುದು ಎಂದು ಅತ್ತಿತ್ತ ನೋಡಿ, ಯಾರೋ ಫೋನನ್ನು ಅವಳ ಕೈಗೆ ಕೊಟ್ಟರು. ಅವಳು ತೆಗೆದುಕೊಂಡಳು. ಎರಡು ಕಡೆಯ ತುದಿಯವರು ಹಿಡಿಯುತ್ತಿರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಅವರು ಕೈಮಾಡಿದರು. ಬೆನ್ನಿಗೆ ಗಾಜಿನ ಬಾಗಿಲು ತಗುಲಿತು. ಅದನ್ನು ಬೆನ್ನಿನಿಂದಲೇ ತಳ್ಳಿ, ಹೊಸ್ತಿಲು ದಾಟಿ, ಹೊರಗೆ ಫುಟ್‌ಪಾತಿನ ಮೇಲೆ ನಿಂತಳು. ತಣ್ಣನೆ ಗಾಳಿ ಬೀಸುತ್ತಿತ್ತು. ಒಳಗೆ ದೀಪದ ಬೆಳಕಿನಲ್ಲಿ ಅವರೆಲ್ಲ ಒತ್ತೊತ್ತಾಗಿ ನಗುತ್ತಿದ್ದರು.

"ಎಲ್ರೂ ಬಂದ್ರಾ?" ಎಂದು ಕಪ್ತಾನ ಒಳಗಿಂದ ಕೂಗಿ ಕೇಳಿದ.

"ಬಂದ್ರು" ಎಂದು, ಅವಳು ಗುಂಡಿ ಒತ್ತಿದಳು.